ಒಂದಕ್ಕ ಒಂದು ಸ್ಕೇಲಿನ ಪ್ರಿಂಟ್ ತಪ್ಪಿ ಬಂದ್ರ ಮೊದಲ ಭಾಗಿಸಿ ನೋಡ್ರಿ

ಗದಗಿನ ಅಣ್ಣಾರ, ನೀವು ಬರದದ್ದು ಇಷ್ಟು: ಪಂಪಿನ ಬೇಸ್ ಪ್ಲೇಟನ್ನ ಆಟೋಕ್ಯಾಡ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರಿನಾಗ ತಗದು, 1:1 (ಖರೇ ಅಳತಿಯಷ್ಟ) ಪಿಡಿಎಫ್ ಮಾಡಿ, ಝೆರಾಕ್ಸ್ ಅಂಗಡ್ಯಾಗ ಎ4 ಹಾಳಿ ಮ್ಯಾಲೆ ಪ್ರಿಂಟ್ ತಗಸಿ, ಪ್ಲೇಟಿಗೆ ಅಂಟಿಸಿ ಪಂಚ್ ಹೊಡದು ಡ್ರಿಲ್ ಮಾಡಿದ್ರಿ. 240 ಮಿ.ಮೀ. ಇರಬೇಕಾದ ತೂತಿನ ಅಂತರ 233 ಬಂತು, 160 ಇರಬೇಕಾದ್ದು 155 ಬಂತು. ಈಗ ಪಂಪಿನ ಕಾಲಿಗೆ ಬೋಲ್ಟ್ ಕೂಡವಲ್ಲವು.

ಡ್ರಾಯಿಂಗ್ ತಿದ್ದಾಕ ಹೋಗಬ್ಯಾಡ್ರಿ. ಪ್ರಿಂಟಿನ ಅಳತಿಯನ್ನ ಡ್ರಾಯಿಂಗಿನ ಅಳತಿಯಿಂದ ಭಾಗಿಸಿ ನೋಡ್ರಿ. 233 ಭಾಗಿಸು 240, ಅಂದ್ರ 0.97. 155 ಭಾಗಿಸು 160, ಅದೂ 0.97. ಉದ್ದಕ್ಕೂ ಅಗಲಕ್ಕೂ ಒಂದ ಅಂಕಿ ಬಂತಂದ್ರ ಡ್ರಾಯಿಂಗೂ ಸರಿ ಐತಿ, ಪ್ರಿಂಟರೂ ಸರಿ ಐತಿ. ನಡುವ ಒಂದು ಸಾಫ್ಟ್‌ವೇರ್ ಇಡೀ ಪುಟಾನ ನೂರಕ್ಕ ಮೂರು ಕುಗ್ಗಿಸೈತಿ.

0.97ಕ್ಕ ಎರಡು ಕಾರಣ ಇರತಾವು. ಹೆಚ್ಚಾಗಿ ಆಗೂದು ‘ಫಿಟ್’. ಪ್ರಿಂಟರಿಗೆ ಹಾಳಿಯ ಅಂಚಿನ 4-5 ಮಿ.ಮೀ. ಜಾಗದಾಗ ಮಸಿ ಹಾಕಾಕ ಬರೂದಿಲ್ಲ. ಅದಕ್ಕ ಪಿಡಿಎಫ್ ತಗಿಯೋ ಸಾಫ್ಟ್‌ವೇರ್ ಏನೂ ಕಟ್ ಆಗಬಾರದು ಅಂತ ಪೂರಾ ಪುಟಾನ ಸಣ್ಣ ಮಾಡತೈತಿ. ಪತ್ರ, ಅರ್ಜಿಗೆ ಅದು ಒಳ್ಳೇದ, ನಮ್ಮ ಕೆಲಸಕ್ಕಲ್ಲ. ಎರಡನೇ ಕಾರಣ, ಪಿಡಿಎಫ್ ಎ4 ಅಲ್ಲದ ‘ಲೆಟರ್’ ಸೈಜಿನಾಗ ಆಗಿರೂದು. ಲೆಟರ್ ಹಾಳಿ ಅಗಲ 215.9 ಮಿ.ಮೀ., ಎ4 ಅಗಲ 210. ಭಾಗಿಸಿದ್ರ ಅದೂ 0.97 ಬರತೈತಿ! ಯಾವುದು ಅಂತ ತಿಳಿಯಾಕ ಅಡೋಬಿ ರೀಡರಿನಾಗ ಫೈಲ್ ತಗದು ಕಂಟ್ರೋಲ್ ಹಿಡದು ಡಿ ಒತ್ರಿ, ಪೇಜ್ ಸೈಜ್ ಕಾಣತೈತಿ. 210 × 297 ಇದ್ರ ಪಿಡಿಎಫ್ ಸರಿ, ಅಂಗಡ್ಯಾಗ ಫಿಟ್ ಆಗೈತಿ. 8.5 × 11 ಇಂಚು ಇದ್ರ ಲೆಟರ್.

ಬ್ಯಾರೆ ಅಂಕಿ ಬಂದವರಿಗೂ ಹೇಳತೇನಿ. 0.707 ಬಂದ್ರ ಎ3 ಪುಟ ಎ4 ಹಾಳಿ ಮ್ಯಾಲೆ ಹೊಂಟೈತಿ. 25.4 ಪಟ್ಟು ದೊಡ್ಡದೋ ಸಣ್ಣದೋ ಆಗಿದ್ರ ಇಂಚು ಮತ್ತ ಮಿ.ಮೀ. ಅದಲುಬದಲಾಗ್ಯಾವು, ಯೂನಿಟ್ಸ್ ನೋಡ್ರಿ. ಮನಿ ಪ್ಲ್ಯಾನ್ ಅಳದವರಿಗೆ 1.04 ಬರತೈತಿ. ಇಂಜಿನಿಯರ್ 1/8 ಇಂಚಿಗೆ 1 ಅಡಿ ಅಂತ ತಗದಿರತಾರ, ಅದು 1:96. ನೀವು 1:100 ಅಂತ ಪಟ್ಟಿ ಇಟ್ಟು ಓದತೀರಿ. 30 ಅಡಿ ಸೈಟು 1:100ರಾಗ 91.4 ಮಿ.ಮೀ., 1:96ರಾಗ 95.25. ಅಲ್ಲೆ ಪ್ರಿಂಟಿಂದ ಅಳಿಯೂದ ಬ್ಯಾಡ, ಬರದ ಅಂಕಿನ ನಂಬ್ರಿ.

ಉದ್ದ-ಅಗಲಕ್ಕ ಬ್ಯಾರೆ ಬ್ಯಾರೆ ಅಂಕಿ ಬಂದ್ರ, ಅಂದ್ರ ಒಂದು ಕಡೆ 0.997, ಇನ್ನೊಂದು ಕಡೆ 1.000, ಅದು ಯಂತ್ರದ್ದು ಮತ್ತ ಹಾಳಿದು. ಲೇಸರ್ ಪ್ರಿಂಟರಿನ ಬಿಸಿ ರೋಲರಿನಾಗ ಹಾಳಿ ಪಸಿ ಕಳಕೊಂಡು ಚೂರು ಕುಗ್ಗತೈತಿ. 240ಕ್ಕ 0.7 ಮಿ.ಮೀ. ಆಗಬಹುದು. 12ರ ಬೋಲ್ಟಿಗೆ 14ರ ತೂತು ಇದ್ರ ನಡಿತೈತಿ. ಬೇರಿಂಗ್ ಕೂಡೋ ಜಾಗಕ್ಕ ಮಾತ್ರ ಹಾಳಿ ನಂಬಬ್ಯಾಡ್ರಿ, ವರ್ನಿಯರ್ (ಸೂಕ್ಷ್ಮ ಅಳತಿಯ ಪಟ್ಟಿ) ಹಿಡದು ಗೀರು ಹಾಕ್ರಿ.

ಈಗ ಸರಿಯಾಗಿ ತಗಿಯೂದು ಹೆಂಗ. ಪ್ಲೇಟ್ 280 × 200 ಅಂದ್ರಿ, ಎ4ನ್ಯಾಗ ಅಗಲದ ಕಡೆ ಎರಡೂ ಬದಿ ಬರೇ 5 ಮಿ.ಮೀ. ಉಳಿತೈತಿ. ಎ3 ಹಾಳಿ ತಗೋರಿ. ಎ4ನೇ ಬೇಕಂದ್ರ ಹೊರಗಿನ ಗೆರಿ ಅಳಿಸಿ, ತೂತಿನ ಕೇಂದ್ರದ ಕೂಡುಗೆರಿ ಅಷ್ಟ ಇಡ್ರಿ. ಆಟೋಕ್ಯಾಡಿನಾಗ ಪ್ಲಾಟ್ ತಗದು ‘ಡಿಡಬ್ಲ್ಯುಜಿ ಟು ಪಿಡಿಎಫ್’ ಆರಿಸ್ರಿ, ಪೇಪರ್ ‘ಐಎಸ್ಒ ಫುಲ್ ಬ್ಲೀಡ್ ಎ3’, ‘ಫಿಟ್ ಟು ಪೇಪರ್’ ಟಿಕ್ ತಗೀರಿ, 1 ಮಿ.ಮೀ.ಗೆ 1 ಯೂನಿಟ್ ಹಾಕ್ರಿ. ಲೇಔಟಿಂದ (ಹಾಳಿ ಜೋಡಸೋ ಪುಟದಿಂದ) ತಗಿಯೋರು ವ್ಯೂಪೋರ್ಟಿಗೆ (ಡ್ರಾಯಿಂಗ್ ಕಾಣೋ ಕಿಟಕಿಗೆ) ಸ್ಕೇಲ್ ಕೊಟ್ಟು ಲಾಕ್ ಮಾಡ್ರಿ, ಪ್ಲಾಟ್ ಮಾತ್ರ 1:1 ಇರಲಿ. ಎರಡೂ ಕಡೆ ಸ್ಕೇಲ್ ಕೊಟ್ರ ಎರಡು ಸಲ ಕುಗ್ಗತೈತಿ. ಹಾಳಿಯ ಖಾಲಿ ಜಾಗದಾಗ ಉದ್ದಕ್ಕೊಂದು, ಅಡ್ಡಕ್ಕೊಂದು 100 ಮಿ.ಮೀ. ಗೆರಿ ಎಳೀರಿ, ಇದನ್ನ ತಪ್ಪಿಸಬ್ಯಾಡ್ರಿ.

ಅಂಗಡಿಗೆ ಪೆನ್ ಡ್ರೈವಿನಾಗ ಪಿಡಿಎಫ್ ಒಯ್ರಿ. ವಾಟ್ಸಾಪಿನಾಗ ಕಳಸೂದಾದ್ರ ಡಾಕ್ಯುಮೆಂಟ್ ಅಂತ ಕಳಸ್ರಿ. ಫೋಟೋ ಮಾಡಿ ಕಳಸಿದ್ರ ಅದಕ್ಕ ಮಿ.ಮೀ. ಲೆಕ್ಕನ ಇರೂದಿಲ್ಲ. ಬ್ರೌಸರಿಂದ ಪ್ರಿಂಟ್ ಕೊಡಬ್ಯಾಡ್ರಿ ಅನ್ರಿ, ಅಡೋಬಿ ರೀಡರಿನಾಗ ‘ಆಕ್ಚುವಲ್ ಸೈಜ್’ ಒತ್ತಸ್ರಿ. ಆಮ್ಯಾಲೆ ಪ್ರಿಂಟರಿನ ಪ್ರಾಪರ್ಟೀಸಿನಾಗೂ ಕುಗ್ಗಿಸೋ ಟಿಕ್ ಇರತೈತಿ, ಅದನ್ನೂ ನೋಡ್ರಿ. ಪ್ರಿಂಟ್ ಕೈಗೆ ಬಂದ ಕೂಡಲೆ, ರೊಕ್ಕ ಕೊಡೂಕಿಂತ ಮೊದಲ, ಸ್ಟೀಲ್ ಪಟ್ಟಿಲೆ ಆ ಎರಡೂ ಗೆರಿ ಅಳೀರಿ. ಟೇಪಿನ ಕೊಂಡಿ ಅಲುಗಾಡತೈತಿ, ಟೇಪ್ ಬ್ಯಾಡ. ಕಡೀಕ ತೂತಿಂದ ತೂತಿಗೆ ಕರ್ಣ ಅಳೀರಿ: ಎರಡೂ 288.4 ಬರಬೇಕು. ಒಂದು ಹೆಚ್ಚು ಒಂದು ಕಡಿಮಿ ಆದ್ರ ಹಾಳಿ ಓರೆ ಹೋಗೈತಿ.

ಅಂಟಸೂಮುಂದ ನೀರಿನ ಗೋಂದು ಹಚ್ಚಬ್ಯಾಡ್ರಿ, ಹಾಳಿ ನೆನದು ಹಿಗ್ಗತೈತಿ. ಗ್ಲೂ ಸ್ಟಿಕ್ ಸಾಕು, ಇಲ್ಲಾ ನಾಕೂ ಅಂಚಿಗೆ ಟೇಪ್ ಹಚ್ರಿ.

ಆಗಲೇ ತೂತು ಬಿದ್ದ ಪ್ಲೇಟ್ ಕೆಟ್ಟಿಲ್ಲ. ಒಂದೊಂದು ತೂತು ಉದ್ದಕ್ಕ 3.5, ಅಗಲಕ್ಕ 2.5 ಒಳಗ ಬಂದೈತಿ, ಅಂದ್ರ ಮೂಲಿ ಕಡೆ ಓರೆಯಾಗಿ 4.3 ಮಿ.ಮೀ. ಪಕ್ಕದಾಗ ಮತ್ತ ಡ್ರಿಲ್ ಹಚ್ಚಿದ್ರ ಬಿಟ್ ಹಳೇ ತೂತಿನಾಗ ಜಾರತೈತಿ. ದುಂಡ ಅರಲೆ ಹೊರಗಿನ ಮೂಲಿ ಕಡೆ ಉದ್ದ ಮಾಡ್ರಿ, ಮ್ಯಾಲೆ ಬೋಲ್ಟಿನ ಅಳತಿ ತೂತಿರೋ 5 ಮಿ.ಮೀ. ದಪ್ಪ ಪಟ್ಟಿಯನ್ನ ವಾಷರ್ ಮಾಡಿ ಕೂಡಸ್ರಿ. ಪಂಪು ಮೋಟರು ಲೈನಿಗೆ ಬಂದ ಮ್ಯಾಲೆ ಆ ವಾಷರನ್ನ ಪ್ಲೇಟಿಗೆ ಎರಡು ಕಡೆ ವೆಲ್ಡಿಂಗ್ ಚುಕ್ಕಿ ಹಾಕಸ್ರಿ, ನಡುಕಕ್ಕ ಸರಿಯೂದಿಲ್ಲ.