ಮತ್ತೆ ಅದೇ ಸಾಂಬಾರಾ?

ಊಟ ಬೇಜಾರಾಗಿದೆ ಅನ್ನುವ ಪತ್ರಗಳೂ, ತಂದ ತರಕಾರಿ ಕೊಳೆಯುತ್ತಿದೆ ಅನ್ನುವ ಪತ್ರಗಳೂ ಜೊತೆಜೊತೆಗೇ ಬರುತ್ತವೆ. ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಅಂಥ ಕೆಲವು ಪ್ರಶ್ನೆಗಳು ಈ ಸಂಚಿಕೆಯಲ್ಲಿವೆ.

ಪ್ರಶ್ನೆ: ಮನೆಯಲ್ಲಿ ನಾಲ್ಕು ಜನ, ಇಬ್ಬರು ಸ್ಕೂಲಿಗೆ ಹೋಗೋ ಮಕ್ಕಳು. ವಾರಕ್ಕೊಮ್ಮೆ ಕಟ್ಟಿನಕೆರೆ ಮಾರ್ಕೆಟ್ಟಿನಿಂದ ಎರಡು ಚೀಲ ತರಕಾರಿ ತರ್ತೀವಿ. ಆದ್ರೂ ಮೂರನೇ ದಿನಕ್ಕೆ ಬೀನ್ಸ್, ಕ್ಯಾರೆಟ್, ಆಲೂಗಡ್ಡೆ ಸಾಂಬಾರಿಗೇ ಬಂದು ನಿಲ್ತೀವಿ. ಸೊಪ್ಪು ಅರ್ಧ ಕೊಳೆತು ಹೋಗುತ್ತೆ. ವಾರದ ಮೆನು ಬರೆದು ಫ್ರಿಜ್ಜಿಗೆ ಅಂಟಿಸಿದ್ದೂ ಆಯ್ತು, ನಡೀಲಿಲ್ಲ.
– ಗೃಹಿಣಿ, ಹಾಸನ

ಉತ್ತರ: ಮೆನು ಕೆಡುವುದು ಮಾರ್ಕೆಟ್ಟಿನಲ್ಲೇ. ಬುಧವಾರ ಹೀರೇಕಾಯಿ ಗೊಜ್ಜು ಎಂದು ಬರೆದುಕೊಂಡು ಹೋಗುತ್ತೀರಿ, ಅಲ್ಲಿ ಹೀರೇಕಾಯಿ ಬಲಿತು ನಾರಾಗಿರುತ್ತದೆ, ಇಲ್ಲವೇ ಬೆಲೆ ಕೇಳಿ ಕೈ ಹಿಂದೆ ಬರುತ್ತದೆ. ಆಗ ಕೈಗೆ ಸಿಗುವುದು ಗೊತ್ತಿರುವ ಬೀನ್ಸ್, ಕ್ಯಾರೆಟ್. ಹಾಗಾಗಿ ಚೀಟಿಯಲ್ಲಿ ತರಕಾರಿಯ ಹೆಸರು ಬೇಡ, ಬಗೆ ಮತ್ತು ತೂಕ ಇರಲಿ. ಯಾವುದು ಎಂಬುದನ್ನು ಅಂಗಡಿ ಮುಂದೆ ನಿಂತು, ಎಳಸು ನೋಡಿ, ಬೆಲೆ ಕೇಳಿ ತೀರ್ಮಾನಿಸಿ.

ತೂಕದ ಲೆಕ್ಕ ಹೀಗೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿ ದೊಡ್ಡವರಿಗೆ ದಿನಕ್ಕೆ ಸುಮಾರು 400 ಗ್ರಾಂ ತರಕಾರಿ (ಸೊಪ್ಪೂ ಸೇರಿ), 100 ಗ್ರಾಂ ಹಣ್ಣು ಹೇಳುತ್ತದೆ. ಮಕ್ಕಳ ಪಾಲು ಸ್ವಲ್ಪ ತಗ್ಗಿಸಿದರೆ ನಿಮ್ಮ ಮನೆಗೆ ವಾರಕ್ಕೆ 10 ಕಿಲೊ ತರಕಾರಿ ಬೇಕು. ಅದನ್ನು ಹೀಗೆ ಹಂಚಿಕೊಳ್ಳಿ: ಸೊಪ್ಪು 2 ಕಿಲೊ, ಹೀರೆ, ಪಡವಲ, ಸೋರೆ, ಹಾಗಲದಂಥ ಬಳ್ಳಿಕಾಯಿ 2 ಕಿಲೊ, ಹುರುಳಿಕಾಯಿ, ಗೋರಿಕಾಯಿ, ಬೆಂಡೆ, ಬದನೆ ಇವುಗಳಲ್ಲಿ ಎರಡು ಬಗೆ ಸೇರಿ ಒಂದೂವರೆ ಕಿಲೊ, ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್, ನವಿಲುಕೋಸು ಒಂದೂವರೆ, ಸಿಹಿಗುಂಬಳ, ಬೂದುಗುಂಬಳ, ಮಂಗಳೂರು ಸೌತೆಯಂಥ ದಪ್ಪ ಸಿಪ್ಪೆಯದು ಒಂದು, ಎಳೆ ಸೌತೆ ಮತ್ತು ಟೊಮೆಟೊ ಎರಡು. ಈರುಳ್ಳಿ ಬೇರೆ. ನಿಯಮ ಒಂದೇ: ಕಳೆದ ವಾರ ಹೀರೆ ತಂದಿದ್ದರೆ ಈ ವಾರ ಆ ಬಗೆಯಲ್ಲಿ ಹೀರೆ ಬಿಟ್ಟು ಇನ್ನೊಂದು.

ಆಲೂಗಡ್ಡೆ ಈ ಹತ್ತು ಕಿಲೊದಲ್ಲಿ ಇಲ್ಲ. ಹಾಸನದವರಿಗೆ ಹೀಗೆ ಹೇಳುವುದು ಕಷ್ಟ, ಆದರೆ ಪಿಷ್ಟ ಹೆಚ್ಚಿರುವ ಆಲೂಗಡ್ಡೆಯನ್ನು ಅನ್ನ, ಮುದ್ದೆಯ ಲೆಕ್ಕಕ್ಕೆ ಸೇರಿಸಬೇಕು. ಮುಂಗಾರಿನ ಬೆಳೆ ಕಿತ್ತು ಬೆಲೆ ಇಳಿದಾಗ ಎಲ್ಲದಕ್ಕೂ ಆಲೂಗಡ್ಡೆ ಬೀಳುತ್ತದೆ. ಪಲ್ಯವೂ ಅದೇ, ಸಾಂಬಾರೂ ಅದೇ ಆದಾಗ ಬೇಜಾರು ಬರದೆ ಇನ್ನೇನು?

ಇನ್ನು ಕೊಳೆಯುವ ವಿಷಯ. ಬೇಗ ಬಾಡುವುದನ್ನು ಮೊದಲು ಮುಗಿಸಿ: ತಂದ ದಿನ, ಮರುದಿನ ಸೊಪ್ಪು, ಎರಡು ಮೂರನೇ ದಿನ ಬೆಂಡೆ, ಬಳ್ಳಿಕಾಯಿ, ಆಮೇಲೆ ಹುರುಳಿಕಾಯಿ, ಬದನೆ, ಕೊನೆಗೆ ಗಡ್ಡೆ, ಕುಂಬಳ. ನಿಮ್ಮ ಮನೆಯಲ್ಲಿ ಬಹುಶಃ ಇದು ತಿರುಗುಮುರುಗು ಆಗಿದೆ, ಬಿಡಿಸುವ ಬೇಸರಕ್ಕೆ ಸೊಪ್ಪು ಹಿಂದೆ ಉಳಿಯುತ್ತದೆ. ತಂದ ಸಂಜೆಯೇ ಬೇರು ಕತ್ತರಿಸಿ, ಹಳದಿ ಎಲೆ ಕಿತ್ತು, ತೊಳೆಯದೆ, ಹಳೆ ಪಂಚೆಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ತೊಳೆದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ನೀರು ಅಲ್ಲೇ ನಿಂತು ಎರಡನೇ ದಿನಕ್ಕೆ ಲೋಳೆ. ಎರಡು ಕಿಲೊ ಸೊಪ್ಪನ್ನೂ ಒಂದೇ ದಿನ ತರಬೇಡಿ. ಅರ್ಧವನ್ನು ವಾರದ ಮಧ್ಯೆ ಮನೆ ಹತ್ತಿರದ ಗಾಡಿಯಲ್ಲಿ ಕೊಳ್ಳಿ. ಮಾಗಿದ ಟೊಮೆಟೊ, ಬಾಳೆಹಣ್ಣಿನ ಪಕ್ಕ ಸೌತೆಕಾಯಿ, ಸೊಪ್ಪು ಇಡಬಾರದು: ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಅವು ಹಳದಿಗೆ ತಿರುಗುತ್ತವೆ. ಆಲೂಗಡ್ಡೆ ಫ್ರಿಜ್ಜಿಗೆ ಬೇಡ, ಪಿಷ್ಟ ಸಕ್ಕರೆಯಾಗಿ ಸಿಹಿ ಬರುತ್ತದೆ. ಕತ್ತಲೆ ಮೂಲೆಯಲ್ಲಿ, ಈರುಳ್ಳಿಯಿಂದ ದೂರ ಇರಲಿ.

ಪ್ರಶ್ನೆ: ಯಾವ ತರಕಾರಿ ಹಾಕಿದರೂ ಸಾರು ಒಂದೇ ರುಚಿ ಬರುತ್ತೆ. ಯಜಮಾನರು ತಟ್ಟೆ ಮುಂದೆ ಕೂತು ಉಪ್ಪಿನಕಾಯಿ ಹುಡುಕುತ್ತಾರೆ.
– ಓದುಗರು, ಚಿಕ್ಕಮಗಳೂರು

ಉತ್ತರ: ತರಕಾರಿ ಬದಲಾಯಿಸಿದ್ದೀರಿ, ಡಬ್ಬಿ ಬದಲಾಯಿಸಿಲ್ಲ. ಅದೇ ಸಾಂಬಾರ್ ಪುಡಿ, ಅದೇ ಹುಣಸೆಹಣ್ಣು, ಅದೇ ತೊಗರಿಬೇಳೆ, ಅದೇ ಮೂರು ಸೀಟಿ. ನಾಲಿಗೆಗೆ ತಿಳಿಯುವುದು ಹುಳಿ, ಖಾರ ಮತ್ತು ಹಲ್ಲಿಗೆ ಸಿಗುವ ಗಟ್ಟಿತನ. ಮೆತ್ತಗೆ ಬೆಂದ ಮೇಲೆ ಸೋರೆಗೂ ಸೀಮೆಬದನೆಗೂ ವ್ಯತ್ಯಾಸ ಅಷ್ಟಕ್ಕಷ್ಟೆ.

ಮೊದಲು ಹುಳಿ ಬದಲಾಯಿಸಿ. ಒಂದು ದಿನ ಹುಣಸೆ, ಒಂದು ದಿನ ಮಜ್ಜಿಗೆ, ಒಂದು ದಿನ ನಿಂಬೆ, ಕಾಲಕ್ಕೆ ತಕ್ಕಂತೆ ಮಾವಿನಕಾಯಿ, ಅಮಟೆಕಾಯಿ. ಮಲೆನಾಡಿನ ಕಡೆ ಒಣಗಿಸಿಟ್ಟ ವಾಟೆಹುಳಿ ಸಿಕ್ಕರೆ ಬಿಡಬೇಡಿ. ಆಮೇಲೆ ಖಾರ: ಬ್ಯಾಡಗಿ, ಹಸಿಮೆಣಸು, ಕಾಳುಮೆಣಸು, ಜೀರಿಗೆಮೆಣಸು ನಾಲ್ಕರದ್ದೂ ನಾಲ್ಕು ದಾರಿ. ಕಾಳುಮೆಣಸು ಬೆಳೆಯುವ ಊರಿನಲ್ಲಿದ್ದು ವಾರಪೂರ್ತಿ ಕೆಂಪು ಪುಡಿ ಹಾಕುವುದು ಸರಿಯಲ್ಲ ಎಂದು ನಮ್ಮ ಅಭಿಪ್ರಾಯ. ಮೂರನೆಯದು, ಬೇಯದೇ ಇರುವ ಒಂದು ಪದಾರ್ಥ ದಿನಾ ತಟ್ಟೆಯಲ್ಲಿರಲಿ: ಕೋಸಂಬರಿ, ಪಚಡಿ ಅಥವಾ ತಂಬುಳಿ. ಒಂದೆಲಗದ ತಂಬುಳಿಗೆ ಒಂದು ಹಿಡಿ ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸನ್ನು ಅರ್ಧ ಚಮಚ ತುಪ್ಪದಲ್ಲಿ ಬಾಡಿಸಿ, ಆರಿಸಿ, ಎರಡು ಚಮಚ ತೆಂಗಿನತುರಿ ಜೊತೆ ರುಬ್ಬಿ, ಎರಡು ಲೋಟ ಮಜ್ಜಿಗೆಗೆ ಕಲಸಿದರೆ ಆಯಿತು. ರುಬ್ಬಿದ್ದು ಬಿಸಿ ಇರುವಾಗ ಮಜ್ಜಿಗೆ ಹಾಕಿದರೆ ಒಡೆಯುತ್ತದೆ.

ಒಂದೇ ಒಲೆಯಲ್ಲಿ ಎರಡು ರುಚಿ ಬೇಕೆಂದರೆ ಬಸ್ಸಾರಿನಷ್ಟು ಜಾಣ ಅಡುಗೆ ಇನ್ನೊಂದಿಲ್ಲ. ನಾಲ್ಕು ಜನರಿಗೆ ಒಂದು ಲೋಟ (ಸುಮಾರು 150 ಗ್ರಾಂ) ನೆನೆಸಿದ ಹೆಸರುಕಾಳು ಅಥವಾ ಅಲಸಂದೆಯನ್ನು ಆರೇಳು ಲೋಟ ನೀರಿನಲ್ಲಿ ತೆರೆದ ಪಾತ್ರೆಯಲ್ಲೇ ಬೇಯಿಸಿ. ಮುಕ್ಕಾಲು ಬೆಂದಾಗ ಹೆಚ್ಚಿದ ಅರ್ಧ ಕಿಲೊ ದಂಟಿನ ಸೊಪ್ಪು, ಉಪ್ಪು ಹಾಕಿ. ಆರು ನಿಮಿಷಕ್ಕೆ ಇಳಿಸಿ ಕಟ್ಟು ಬಸಿದುಕೊಳ್ಳಿ. ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, ಆರು ಕಾಳುಮೆಣಸು ಹುರಿದು, ಎರಡು ಚಮಚ ಸಾರಿನ ಪುಡಿ, ಹಿಡಿ ತೆಂಗಿನತುರಿ, ನೆಲ್ಲಿಕಾಯಿ ಗಾತ್ರದ ಹುಣಸೆ, ಒಂದು ಸೌಟು ಬೆಂದ ಕಾಳು-ಸೊಪ್ಪು ಸೇರಿಸಿ ನುಣ್ಣಗೆ ರುಬ್ಬಿ ಕಟ್ಟಿನಲ್ಲಿ ಕುದಿಸಿ. ಉಳಿದ ಕಾಳು-ಸೊಪ್ಪಿಗೆ ಒಣಮೆಣಸು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ. ಆ ಒಂದು ಸೌಟು ರುಬ್ಬಲು ಮರೆತರೆ ಸಾರು ನೀರಾಗಿ ಅನ್ನದಿಂದ ಜಾರುತ್ತದೆ. ಕುಕ್ಕರಿನಲ್ಲಿಟ್ಟು ಮೂರು ಸೀಟಿ ಕೂಗಿಸಿದಿರೋ, ಬಸಿಯಲು ಏನೂ ಉಳಿಯುವುದಿಲ್ಲ. ಅಂಥ ದಿನ ಸುಮ್ಮನೆ ಮಸೆದು ಮಸ್ಸೊಪ್ಪು ಎಂದು ಬಡಿಸಿ.

ಪ್ರಶ್ನೆ: ಮಳೆ ಹಿಡಿದರೆ ಪೇಟೆಗೆ ಹೋಗುವುದು ಹದಿನೈದು ದಿನಕ್ಕೊಮ್ಮೆ. ಎರಡನೇ ವಾರ ಅನ್ನ, ಬೇಳೆ ಸಾರು, ಹಪ್ಪಳ ಅಷ್ಟೆ. ಡಬ್ಬಿಯಲ್ಲಿಟ್ಟಿದ್ದಕ್ಕೂ ಹುಳ, ಬೂಷ್ಟು.
– ಓದುಗರು, ಮೂಡಿಗೆರೆ

ಉತ್ತರ: ಎರಡನೇ ವಾರವನ್ನು ಕಾಳು, ಕುಂಬಳ, ಹಿತ್ತಲು ಈ ಮೂರರ ಮೇಲೆ ನಡೆಸಿ. ಒಡೆಯದ ಸಿಹಿಗುಂಬಳ, ಬೂದುಗುಂಬಳ, ಮಂಗಳೂರು ಸೌತೆಯನ್ನು ನೆಲಕ್ಕೆ ತಾಗದಂತೆ ಗಾಳಿಯಾಡುವ ಕಡೆ ಇಟ್ಟರೆ ಹದಿನೈದು ದಿನ ದಾಟುತ್ತವೆ. ತೊಟ್ಟು ಮುರಿದದ್ದನ್ನು ಮಾತ್ರ ಕೊಳ್ಳಬೇಡಿ, ಕೊಳೆ ಶುರುವಾಗುವುದೇ ಅಲ್ಲಿಂದ.

ಮೊಳಕೆ ನಿಮ್ಮ ಕಡೆ ಮಳೆಗಾಲದಲ್ಲಿ ನಿಧಾನ. ಕಾಲು ಕಿಲೊ ಹುರುಳಿಯನ್ನು 12 ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಬಟ್ಟೆಯಲ್ಲಿ ಕಟ್ಟಿ ಒಲೆಯ ಪಕ್ಕ ಇಡಿ. ಒಂದೂವರೆ ದಿನ ಬೇಕಾಗಬಹುದು. ದಿನಕ್ಕೆ ಎರಡು ಸಲ ಬಿಚ್ಚಿ ತೊಳೆದು ಮತ್ತೆ ಬಸಿಯಿರಿ. ಲೋಳೆ, ಹುಳಿ ವಾಸನೆ ಬಂದರೆ ಒಳಗೆ ನೀರು ನಿಂತಿತ್ತು ಎಂದರ್ಥ, ಚೆಲ್ಲಿಬಿಡಿ. ಈ ಕಾಲದಲ್ಲಿ ಮೊಳಕೆಯನ್ನು ಹಸಿಯಾಗಿ ತಿನ್ನುವುದು ಬೇಡ, ಬೇಯಿಸಿಯೇ ತಿನ್ನಿ. ಸಾರಿನಲ್ಲಿ ಅರ್ಧ, ಉಸಲಿಯಲ್ಲಿ ಅರ್ಧ.

ಹಿತ್ತಲಿನದ್ದು ಪುಕ್ಕಟೆ ಅಂತ ಅವಸರ ಬೇಡ. ಕೆಸುವಿನಲ್ಲಿ ಆಕ್ಸಲೇಟ್ ಹರಳು ಇರುವುದರಿಂದ ಗಂಟಲು ತುರಿಸುತ್ತದೆ. ಪತ್ರೊಡೆಗೆ ಹುಣಸೆಹುಳಿ ಧಾರಾಳವಾಗಿರಬೇಕು, ಹಬೆಯಲ್ಲಿ ಪೂರ್ತಿ ಬೇಯಬೇಕು. ಕಳಲೆಯನ್ನು ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿಟ್ಟು ದಿನವೂ ನೀರು ಬದಲಾಯಿಸಿ, ಆಮೇಲೆ ಬೇಯಿಸಿ ಆ ನೀರನ್ನೂ ಚೆಲ್ಲಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುವುದರಿಂದಲೇ ಈ ಕಟ್ಟುಪಾಡು. ಕಾಡಿನ ಅಣಬೆಯನ್ನು ಮನೆಯ ಹಿರಿಯರು ಗುರುತಿಸಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಹುಳಕ್ಕೆ: ರವೆಯನ್ನು ತಂದ ದಿನವೇ ಸಣ್ಣ ಉರಿಯಲ್ಲಿ ಐದಾರು ನಿಮಿಷ ಹುರಿದು, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವೆತು ಬೂಷ್ಟು ಹಿಡಿಯುತ್ತದೆ. ನಿಮ್ಮ ಮನೆಯಲ್ಲಿ ಆಗುತ್ತಿರುವುದು ಇದೇ ಇರಬಹುದು. ತೊಗರಿಬೇಳೆಗೆ ಕಿಲೊಗೆ ಒಂದು ಟೀ ಚಮಚ ಹರಳೆಣ್ಣೆ ಸವರುವ ಹಳೆ ಪದ್ಧತಿ ಇಂದಿಗೂ ಸರಿ, ಬೇಯಿಸುವ ಮುನ್ನ ಚೆನ್ನಾಗಿ ತೊಳೆದರಾಯಿತು. ರಾಗಿ ಕಾಳಾಗಿ ವರ್ಷಗಟ್ಟಲೆ ಇರುತ್ತದೆ, ಹಿಟ್ಟು ಮುಗ್ಗುತ್ತದೆ. ಆದ್ದರಿಂದ ಎರಡು ವಾರಕ್ಕಾಗುವಷ್ಟೇ ಬೀಸಿಸಿ. ಕಡಲೆಕಾಯಿ, ಕೊಬ್ಬರಿಗೆ ಬೂಷ್ಟು ಬಂದರೆ ಒರೆಸಿ ಬಳಸಬೇಡಿ. ಅಫ್ಲಾಟಾಕ್ಸಿನ್ ಎಂಬ ವಿಷ ಒಳಗೂ ಇಳಿದಿರಬಹುದು, ಹುರಿದರೂ ಪೂರ್ತಿ ಹೋಗುವುದಿಲ್ಲ.

ಪ್ರಶ್ನೆ: ತಿಂಗಳ ದಿನಸಿ ಚೀಟಿಯಲ್ಲಿ ಬೇಳೆಕಾಳು, ಎಣ್ಣೆ ಎಷ್ಟಿರಬೇಕು? ನಾವು ನಾಲ್ವರು, ವಾರದಲ್ಲಿ ಎರಡು ಮೂರು ದಿನ ಮೊಟ್ಟೆ ಇರುತ್ತೆ.
– ಓದುಗರು, ಕಡೂರು

ಉತ್ತರ: ಮೊದಲೇ ಹೇಳಿದ ಮಾರ್ಗಸೂಚಿಯ ಪ್ರಕಾರ ಬೇಳೆಕಾಳು, ಮೊಟ್ಟೆ, ಮಾಂಸ ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ 85 ಗ್ರಾಂ. ಮೊಟ್ಟೆ ಕಳೆದರೆ ನಿಮಗೆ ತಿಂಗಳಿಗೆ ಏಳೂವರೆ ಕಿಲೊ ಬೇಳೆಕಾಳು ಬೇಕು: ತೊಗರಿಬೇಳೆ 2, ಹೆಸರುಕಾಳು ಮತ್ತು ಹೆಸರುಬೇಳೆ ಒಂದೂವರೆ, ಹುರುಳಿ 1, ಕಡಲೆಕಾಳು 1, ಅಲಸಂದೆ ಅಥವಾ ಅವರೆ 1, ಉದ್ದು 1. ತೊಗರಿಬೇಳೆಯನ್ನೇ ಮೂರು ನಾಲ್ಕು ಕಿಲೊ ತಂದು ಕಾಳು ಮರೆಯುವ ಮನೆಗಳೇ ಜಾಸ್ತಿ, ಬೇಜಾರಿಗೂ ಅದೇ ಬೇರು. ಅವರೆ ಕಾಲದಲ್ಲಿ, ಡಿಸೆಂಬರ್-ಜನವರಿಯಲ್ಲಿ, ಒಣಕಾಳನ್ನು ಅರ್ಧಕ್ಕೆ ಇಳಿಸಿ ಸೊಗಡಿನ ಕಾಯಿ ಸುಲಿಯಿರಿ. ಎಣ್ಣೆ, ತುಪ್ಪ ಸೇರಿ ಒಬ್ಬರಿಗೆ ದಿನಕ್ಕೆ 27 ಗ್ರಾಂ, ನಾಲ್ವರಿಗೆ ತಿಂಗಳಿಗೆ ಮೂರೂಕಾಲು ಕಿಲೊ ಆಗುತ್ತದೆ. ಐದು ಲೀಟರಿನ ಕ್ಯಾನ್ ತಂದರೆ ಐದೂ ಅದೇ ತಿಂಗಳಲ್ಲಿ ಕರಗುತ್ತದೆ; ಒಂದೊಂದು ಲೀಟರ್ ಪ್ಯಾಕೆಟ್ಟೇ ವಾಸಿ.

ಪ್ರಶ್ನೆ: ಅತ್ತೆಯವರಿಗೆ ಸಕ್ಕರೆ ಕಾಯಿಲೆ. ರಾತ್ರಿ ದಿನಾ ಚಪಾತಿ ತಿಂದು ಸಾಕಾಗಿದೆ ಅಂತಾರೆ. ಮುದ್ದೆ ಕೊಡಬಹುದಾ?
– ಸೊಸೆ, ಅರಸೀಕೆರೆ

ಉತ್ತರ: ಕೊಡಬಹುದು, ಗಾತ್ರ ನೋಡಿಕೊಂಡು. ಎರಡು ಚಪಾತಿಗೆ ಹಿಡಿಯುವ ಹಿಟ್ಟಿನ ತೂಕದ, ಅಂದರೆ 50-60 ಗ್ರಾಂ ಹಿಟ್ಟಿನ ಮುದ್ದೆ ಸಾಕು. ಚಪಾತಿಯಲ್ಲೂ ಪಿಷ್ಟ ಅಷ್ಟೇ ಇದೆ, ಅದೇನೂ ಔಷಧಿಯಲ್ಲ. ಜೊತೆಗೆ ತಟ್ಟೆಯ ಅರ್ಧದಷ್ಟು ಪಲ್ಯ, ಕೋಸಂಬರಿ, ಗಟ್ಟಿಯಾದ ಕಾಳಿನ ಸಾರು ಇರಬೇಕು. ವಾರದಲ್ಲಿ ಎರಡು ದಿನ ನುಗ್ಗೆಸೊಪ್ಪು, ಸಬ್ಬಸಿಗೆ ಕಲಸಿದ ರಾಗಿ ರೊಟ್ಟಿ ಮಾಡಿ. ರಾಗಿ ಅಂಬಲಿ, ಮಾಲ್ಟ್ ಮಾತ್ರ ಬೇಡ. ನುಣ್ಣಗೆ ಬೆಂದು ನೀರಾದದ್ದು ಬೇಗ ರಕ್ತಕ್ಕೆ ಇಳಿಯುತ್ತದೆ. ಬದಲಾಯಿಸಿದ ವಾರ ಊಟವಾದ ಎರಡು ಗಂಟೆಗೆ ಸಕ್ಕರೆ ಪರೀಕ್ಷಿಸಿ, ಅಂಕಿಯನ್ನು ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ರಕ್ತ ಕಡಿಮೆ ಇದೆ ಅಂದಿದ್ದಾರೆ. ಊಟ ಆದ ಕೂಡಲೇ ಕಾಫಿ ಬಿಡಬೇಕಂತೆ, ಹೌದಾ?
– ಓದುಗರು, ಚಿಕ್ಕಮಗಳೂರು

ಉತ್ತರ: ಕಾಫಿ ಬಿಡಬೇಕಿಲ್ಲ, ಹೊತ್ತು ಬದಲಾಯಿಸಿ. ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಹಿಡಿಯದಂತೆ ಕಾಫಿ, ಚಹಾ ತಡೆಯುತ್ತವೆ. ಊಟಕ್ಕೂ ಕಾಫಿಗೂ ಒಂದು ಗಂಟೆ ಅಂತರ ಇರಲಿ, ಕಬ್ಬಿಣದ ಮಾತ್ರೆಗೂ ಅದೇ ಮಾತು. ಊಟದಲ್ಲಿ ನಿಂಬೆ, ನೆಲ್ಲಿಕಾಯಿ, ಸೀಬೆಹಣ್ಣಿನಂಥ ಸಿ ಜೀವಸತ್ವದ್ದು ಒಂದಿರಲಿ. ನಿಂಬೆಯನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ.

ಪ್ರಶ್ನೆ: ಕೆಲಸಕ್ಕೆಂದು ಹಾಸನದಲ್ಲಿ ರೂಮ್ ಮಾಡಿಕೊಂಡಿದ್ದೇನೆ. ಒಬ್ಬನೇ. ಒಂದು ಸ್ಟವ್, ಒಂದು ಸಣ್ಣ ಕುಕ್ಕರ್, ಫ್ರಿಜ್ ಇಲ್ಲ. ವಾರದಲ್ಲಿ ನಾಲ್ಕು ದಿನ ಚಿತ್ರಾನ್ನ.
– ಓದುಗ, ಹಾಸನ

ಉತ್ತರ: ಫ್ರಿಜ್ ಇಲ್ಲದಿದ್ದರೆ ವಾರದ ಸಂತೆ ನಿಮಗಲ್ಲ. ಎರಡು ದಿನಕ್ಕೊಮ್ಮೆ ಕಾಲು ಕಿಲೊದಂತೆ ಎರಡು ತರಕಾರಿ, ಒಂದು ಕಟ್ಟು ಸೊಪ್ಪು ಕೊಳ್ಳಿ. ರೂಮಿನಲ್ಲಿ ಸದಾ ಇರಬೇಕಾದದ್ದು: ಅಕ್ಕಿ, ಹೆಸರುಬೇಳೆ, ಗಟ್ಟಿ ಅವಲಕ್ಕಿ, ಕಡಲೆಕಾಳು, ಕಡಲೆಬೀಜ, ಆರು ಮೊಟ್ಟೆ, ನಿಂಬೆ. ಬೆಳಗ್ಗೆ ಹೋಗುವಾಗ ಒಂದು ಹಿಡಿ ಕಡಲೆಕಾಳು ನೆನೆಹಾಕಿ, ಸಂಜೆ ಕುಕ್ಕರಿಗೆ ಹಾಕಿ. ಅರ್ಧ ಲೋಟ ಅಕ್ಕಿ, ಕಾಲು ಲೋಟ ಹೆಸರುಬೇಳೆ, ಒಂದು ಲೋಟದಷ್ಟು ಹೆಚ್ಚಿದ ತರಕಾರಿ, ಮೂರು ಲೋಟ ನೀರು, ಮೆಣಸು-ಜೀರಿಗೆ: ಖಾರ ಪೊಂಗಲ್ ಆಯಿತು. ಚಿತ್ರಾನ್ನ ಮಾಡುವುದಾದರೆ ಅನ್ನಕ್ಕೆ ಸರಿಸಮ ತರಕಾರಿ, ಹಿಡಿ ಕಾಳು ಹಾಕಿ. ಮಾವಿನಕಾಯಿ, ನಿಂಬೆ, ಮೆಂತ್ಯಸೊಪ್ಪು ಸರದಿಯಲ್ಲಿ ಬರಲಿ. ರಾತ್ರಿಯ ಅನ್ನವನ್ನು ಹಾಗೇ ಮುಚ್ಚಿಟ್ಟು ಬೆಳಗ್ಗೆ ಒಗ್ಗರಣೆ ಕೊಡುವ ಅಭ್ಯಾಸ ಬಿಡಿ. ಬೆಚ್ಚಗೆ ಉಳಿದ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಸಾಯುವಂಥದ್ದಲ್ಲ, ವಾಂತಿ ತರಿಸುತ್ತದೆ. ಒಂದು ಹೊತ್ತಿಗಾಗುವಷ್ಟೇ ಅಳೆದು ಹಾಕಿ, ಬೆಳಗ್ಗೆಗೆ ಅವಲಕ್ಕಿ ಇದೆಯಲ್ಲ.