ಚಿತ್ರಕಾರ ಆನ್ಸೆಲ್ಮ್ ಕೀಫರ್ ಒಣಗಿದ ಸೂರ್ಯಕಾಂತಿಯನ್ನೇ ಯಾಕೆ ಆರಿಸಿಕೊಳ್ಳುತ್ತಾರೆ?

ಬೀಜಕ್ಕಾಗಿ. ಹೂವು ಒಣಗಿದಾಗಲೇ ಬೀಜ ಎದ್ದು ಕಾಣುವುದು, 1945ರಲ್ಲಿ ಹುಟ್ಟಿದ ಈ ಜರ್ಮನ್ ಕಲಾವಿದರಿಗೆ ಬೇಕಿರುವುದೂ ಅದೇ.

ಕೊಯ್ಲಿಗೆ ಬಂದ ಸೂರ್ಯಕಾಂತಿ ಹೊಲ ನೋಡಿದ್ದೀರಲ್ವಾ? ಹಳದಿ ಎಸಳು ಉದುರಿ, ಎಲೆ ಮುರುಟಿ, ತಲೆ ನೆಲದ ಕಡೆ ಜೋತುಬಿದ್ದಿರುತ್ತದೆ. ನೋಡಿದರೆ ಸತ್ತ ಗಿಡ. ಆದರೆ ಆ ತಲೆಯ ತುಂಬ ಮುಂದಿನ ಬೆಳೆಯ ಬೀಜ. ಸಾವು, ಮರುಹುಟ್ಟು ಎರಡೂ ಒಂದೇ ಹೂವಿನಲ್ಲಿ ಸಿಗುತ್ತವೆ. ಯುದ್ಧದಲ್ಲಿ ಹಾಳಾದ ದೇಶದಲ್ಲಿ ಬೆಳೆದ ಕೀಫರ್ ಮತ್ತೆ ಮತ್ತೆ ಕೆದಕುವುದು ಇದನ್ನೇ.

1990ರ ದಶಕದಲ್ಲಿ ಅವರು ದಕ್ಷಿಣ ಫ್ರಾನ್ಸ್‌ನ ಬಾರ್ಜಾಕ್‌ಗೆ ಹೋಗಿ ನೆಲೆಸಿದರು. ಸೂರ್ಯಕಾಂತಿ ಅವರ ಚಿತ್ರಗಳಲ್ಲಿ ದೊಡ್ಡದಾಗಿ ಕಾಣಿಸಿಕೊಂಡದ್ದು ಆ ವರ್ಷಗಳಲ್ಲೇ. ಅಮೆರಿಕದ ಸಿಯಾಟಲ್ ಕಲಾ ಸಂಗ್ರಹಾಲಯದಲ್ಲಿರುವ 1996ರ ಚಿತ್ರವೊಂದರಲ್ಲಿ ಒಬ್ಬ ಮನುಷ್ಯ ಶವಾಸನದಲ್ಲಿದ್ದಂತೆ ಅಂಗಾತ ಮಲಗಿದ್ದಾನೆ. ಅವನಿಗಿಂತ ಎಷ್ಟೋ ಎತ್ತರದ ಕಪ್ಪು ಸೂರ್ಯಕಾಂತಿಗಳು ಮೇಲಿಂದ ಬಗ್ಗಿ ನೋಡುತ್ತಿವೆ. ಬೇರೆ ಕೆಲವು ಚಿತ್ರಗಳಲ್ಲಿ ನಿಜವಾದ ಬೀಜಗಳನ್ನೇ ಕ್ಯಾನ್ವಾಸಿಗೆ ಅಂಟಿಸಿದ್ದಾರೆ. ದಪ್ಪ ಬಣ್ಣದ ಮೇಲೆ ಅವು ಉಬ್ಬಿಕೊಂಡು ನಿಲ್ಲುತ್ತವೆ. ಫೋಟೊದಲ್ಲಿ ಅದು ಸರಿಯಾಗಿ ಗೊತ್ತಾಗುವುದಿಲ್ಲ, ಎದುರು ನಿಂತೇ ನೋಡಬೇಕು.

ಚೆಲ್ಲಿದ ಆ ಬೀಜಗಳು ದೂರದಿಂದ ಕಪ್ಪು ನಕ್ಷತ್ರಗಳಂತೆ ಕಾಣುತ್ತವೆ. ಸುಮ್ನೆ ಹಾಗಾಗಿದ್ದಲ್ಲ. 17ನೇ ಶತಮಾನದ ಇಂಗ್ಲಿಷ್ ವೈದ್ಯ, ಚಿಂತಕ ರಾಬರ್ಟ್ ಫ್ಲಡ್ ಪ್ರಕಾರ ಭೂಮಿಯ ಪ್ರತಿ ಗಿಡಕ್ಕೂ ಆಕಾಶದಲ್ಲಿ ಅದರದೇ ಒಂದು ನಕ್ಷತ್ರವಿದೆ. ಕೀಫರ್‌ಗೆ ಈ ವಿಚಾರ ಎಷ್ಟು ಹಿಡಿಸಿತೆಂದರೆ, ಫ್ಲಡ್‌ಗೆ ಅರ್ಪಿಸಿಯೇ ಕೃತಿಗಳನ್ನು ಮಾಡಿದ್ದಾರೆ.