ಬ್ರಿಟನ್ನಿನ ಮಾಜಿ ಪ್ರಧಾನಿ ಟೋನಿ ಬ್ಲೇರ್ ಮೂರು ಚುನಾವಣೆ ಗೆದ್ದವರು. ಆದರೂ ಬ್ರಿಟನ್ನಿನಲ್ಲಿ ಎಷ್ಟೋ ಜನ ಅವರನ್ನು ನಂಬುವುದಿಲ್ಲ, ಯಾಕೆ?
ಬ್ರಿಟನ್ನನ್ನು ಇರಾಕ್ ಯುದ್ಧಕ್ಕೆ ಇಳಿಸಿದ್ದರಿಂದ. ಯುದ್ಧಕ್ಕಿಂತ, ಅದಕ್ಕೆ ಕೊಟ್ಟ ಕಾರಣ ಟೊಳ್ಳಾಗಿದ್ದೇ ಜಾಸ್ತಿ ಪೆಟ್ಟು ಕೊಟ್ಟಿತು.

ಇರಾಕ್ ಆಳುತ್ತಿದ್ದ ಸದ್ದಾಂ ಹುಸೇನ್ ಬಳಿ ರಾಸಾಯನಿಕ, ಜೈವಿಕ ಅಸ್ತ್ರಗಳಿವೆ, ಕೆಲವನ್ನು 45 ನಿಮಿಷದಲ್ಲಿ ಬಳಸಬಲ್ಲರು ಎಂದು 2002ರ ಸೆಪ್ಟೆಂಬರಿನಲ್ಲಿ ಬ್ಲೇರ್ ಸರ್ಕಾರ ಒಂದು ದಾಖಲೆ ಹೊರತಂದಿತು. ಗೂಢಚಾರರ ಮಾಹಿತಿಯಲ್ಲಿ 'ಇರಬಹುದು' ಅನ್ನುವುದು ಇದ್ದೇ ಇರುತ್ತದೆ. ಜನರ ಮುಂದೆ ಇಡುವಾಗ ಆ 'ಬಹುದು' ಉದುರಿಹೋಯಿತು. ಗುಟ್ಟಿನ ಮಾಹಿತಿಯನ್ನು ಜನ ತಾವೇ ಪರೀಕ್ಷಿಸಲು ಆಗಲ್ಲ, ಅಲ್ವಾ? ಪ್ರಧಾನಿ ಹೇಳಿದ್ದನ್ನು ನಂಬಬೇಕು, ಅಷ್ಟೇ. 2003ರ ಮಾರ್ಚ್‌ನಲ್ಲಿ ಯುದ್ಧ ಶುರುವಾಯಿತು; ಹೇಳಿದ್ದ ಅಸ್ತ್ರಗಳ ದಾಸ್ತಾನು ಮಾತ್ರ ಸಿಗಲೇ ಇಲ್ಲ. ಅಷ್ಟು ಖಚಿತವಾಗಿ ಹೇಳಿದ್ದಕ್ಕೆ ಆಧಾರವಿರಲಿಲ್ಲ ಎಂದು 2016ರಲ್ಲಿ, ಈ ಯುದ್ಧದ ಬಗ್ಗೆ ಬ್ರಿಟನ್ನಿನಲ್ಲಿ ನಡೆದ ಅಧಿಕೃತ ಚಿಲ್ಕಾಟ್ ತನಿಖೆಯೂ ಹೇಳಿತು.

1997ರಲ್ಲಿ ಇದೇ ಬ್ಲೇರ್, 43ನೇ ವಯಸ್ಸಿನಲ್ಲಿ, ತಮ್ಮ ಲೇಬರ್ ಪಕ್ಷಕ್ಕೆ ಸಂಸತ್ತಿನಲ್ಲಿ 418 ಸ್ಥಾನಗಳ ಭಾರಿ ಬಹುಮತ ತಂದುಕೊಟ್ಟಿದ್ದರು. 2005ರಲ್ಲೂ ಗೆದ್ದರು, ಆದರೆ ಸಿಕ್ಕಿದ್ದು ಸುಮಾರು 35% ಮತ. ವಿರೋಧ ಪಕ್ಷವೂ ಬಲವಾಗಿರಲಿಲ್ಲ ಅನ್ನಿ. 1998ರ ಉತ್ತರ ಐರ್ಲೆಂಡ್ ಶಾಂತಿ ಒಪ್ಪಂದ, ಕನಿಷ್ಠ ವೇತನದ ಕಾನೂನು ನಿಜಕ್ಕೂ ದೊಡ್ಡ ಕೆಲಸಗಳು. ಆದರೆ ಬ್ಲೇರ್ ಹೆಸರೆತ್ತಿದರೆ ಮೊದಲು ಬರುವುದು ಇರಾಕ್ ಮಾತೇ.